ಉಪ್ಪು ನೀರಿಗೆ ಮೂರು ಬಿಡಾರ

ಆಗಸ್ಟ್ ತಿಂಗಳಲ್ಲಿ, ಸೈಕಲ್ ಪ್ರಯಾಣಕ್ಕೆ ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನಮ್ಮಕ್ಕ ಉಪ್ಪಿನ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದಳು. "ಇದನ್ನ ಒಳಗ ಇಡು. ನದಿ ನೀರು ಉಪ್ಪಾಗೋ ಜಾಗಾ ಮುಟ್ಟೋತನಕ ನನ್ನ ತಾಟಿನ್ಯಾಗ ಉಪ್ಪು ಬ್ಯಾಡ," ಎಂದಳು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ನನ್ನ ಗಂಡ ಹೇಳುವುದುಂಟು, ಆದರೆ ಈ ಸಲ ಕಾರಣವಿತ್ತು. ನಾನು ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತದಲ್ಲಿ ಸೋಡಿಯಂ ಎಷ್ಟಿದೆ ಎಂದು ನೋಡುವವಳು. ಅರವತ್ನಾಲ್ಕು ವರ್ಷದವಳೊಬ್ಬಳು ಬೇಸಿಗೆಯ ಬಿಸಿಲಿನಲ್ಲಿ ನಾಲ್ಕು ದಿನ ಸೈಕಲ್ ತುಳಿಯುವ ಮುಂಚೆ ಉಪ್ಪು ಬಿಡುತ್ತೇನೆ ಎಂದರೆ ನಾನು ಸುಮ್ಮನಿರುವುದು ಹೇಗೆ?

"ಅಕ್ಕಾ, ಬೇಕಾದ್ರ ಸಕ್ಕರಿ ಬಿಡು, ಚಹಾ ಬಿಡು. ಉಪ್ಪು ಬಿಟ್ರ ಕಾಲು ಹಿಡ್ಕೋತಾವ."

"ಕಾಲು ಹ್ಯಾಂಗೂ ಹೋಗಾವು ಅವ," ಎಂದು ಅವಳು ಸಪ್ಪನೆಯ ಮೊಸರನ್ನವನ್ನು ಕಲಸತೊಡಗಿದಳು.

ಅದು ನಿಜವೇ. ಅವಳ ಎರಡೂ ಮೊಣಕಾಲು ಸವೆದುಹೋಗಿದ್ದವು. ನಮ್ಮನ್ನು ನೋಡಲು ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. ಹಿಂತಿರುಗಿದ ತಕ್ಷಣ ಹುಬ್ಬಳ್ಳಿಯಲ್ಲಿ ಆಪರೇಷನ್ನು ಎಂದು ಗೊತ್ತಾಗಿತ್ತು. ಧಾರವಾಡದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತ, ಅಲ್ಲಿಯ ಏರು ಇಳಿವುಗಳಲ್ಲಿ ಮೂವತ್ತು ವರ್ಷ ಲೇಡೀಸ್ ಸೈಕಲ್ ತುಳಿದವಳು ಅವಳು. ಹೊಸ ಮೊಣಕಾಲು ಬಂದ ಮೇಲೆ ತುಳಿಯಬಹುದೋ ಇಲ್ಲವೋ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಿರಲಿಲ್ಲ. ಹುಟ್ಟಿದಾಗ ಬಂದ ಕಾಲಿನಿಂದಲೇ ಒಂದು ಸಲ ನದಿಯ ಕೊನೆಯವರೆಗೆ ಸೈಕಲ್ಲಿನಲ್ಲಿ ಹೋಗಬೇಕು ಎಂಬುದು ಅವಳ ಹಟ.

ನದಿಯ ಕೊನೆಯೇ ಯಾಕೆ ಎಂದರೆ ಅದಕ್ಕೊಂದು ಹಳೆಯ ಕತೆ. ನಮ್ಮಜ್ಜಿಯ ಮನೆ ಮಲಪ್ರಭೆಯ ದಂಡೆಯಲ್ಲಿತ್ತು. ಎಂಟು ವರ್ಷದವಳಿದ್ದಾಗ ಅಕ್ಕ ಅಲ್ಲಿಯ ಮಾಸ್ತರರನ್ನು, ಈ ನೀರು ಯಾವ ಜಾಗದಲ್ಲಿ ಉಪ್ಪಾಗುತ್ತದೆ ಎಂದು ಕೇಳಿದ್ದಳಂತೆ. ಸಮುದ್ರದಲ್ಲಿ ಎಂದರಂತೆ ಅವರು. ಸಮುದ್ರ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದ್ದಕ್ಕೆ, ನೀರು ಉಪ್ಪಾದ ಕಡೆ ಎಂದು ಹೇಳಿ ಗಂಟೆ ಬಾರಿಸಿಬಿಟ್ಟರಂತೆ. ಗಣಿತದ ಟೀಚರಾದವಳಿಗೆ ಅಂಥ ಉತ್ತರ ಐವತ್ತಾರು ವರ್ಷ ಕಳೆದರೂ ಕಾಲಿಗೆ ಚುಚ್ಚಿದ ಮುಳ್ಳಿನಂತೆ ನೋಯುತ್ತಿತ್ತು. ಸ್ಯಾಕ್ರಮೆಂಟೋ ನದಿ ನಮ್ಮೂರಿನ ಪಕ್ಕದ ಸಮುದ್ರದ ಕೊಲ್ಲಿಗೇ ಬಂದು ಸೇರುತ್ತದೆ, ಅದರ ಏರಿಯ ಮೇಲೆ ಉದ್ದಕ್ಕೂ ರಸ್ತೆಯಿದೆ ಎಂದು ನಾನೇ ಬಾಯಿ ತಪ್ಪಿ ಹೇಳಿದ್ದೆ.

ಹಾಗಾಗಿ ಏರ್ಪಾಡು ಹೀಗಾಯಿತು: ನಾನೂ ಅಕ್ಕನೂ ಸೈಕಲ್ಲಿನಲ್ಲಿ, ನನ್ನ ಗಂಡ ಒಳಗೇ ಅಡುಗೆ, ಹಾಸಿಗೆ ಎಲ್ಲ ಇರುವ ಬಾಡಿಗೆಯ ಮೋಟಾರ್‌ಹೋಮಿನಲ್ಲಿ. ನಾವು ತುಳಿಯುತ್ತಿರುವಾಗ ಅವರು ಮುಂದೆ ಹೋಗಿ ರಾತ್ರಿಗೆ ಬಿಡಾರ ಹೂಡುವ ಜಾಗ ಹುಡುಕಬೇಕು. ಅವರು ಮೈಸೂರಿನವರು, ಯಾವುದಕ್ಕೂ ಅವಸರವಿಲ್ಲ. ಮನೆಯ ಗ್ಯಾರೇಜಿನಿಂದ ಕಾರು ತೆಗೆಯಲೇ ಮೂರು ಸಲ ಕನ್ನಡಿ ನೋಡುವ ಮನುಷ್ಯ. ಕಾಲೇಜಿನಲ್ಲಿರುವ ಮಗಳು ಫೋನಿನಲ್ಲೇ ಎಚ್ಚರಿಸಿದಳು: "ಅಮ್ಮಾ, ಯು ಕಾಂಟ್ ಜಸ್ಟ್ ಪಾರ್ಕ್ ಎನಿವೇರ್!" ನನಗೆ ಗೊತ್ತಿತ್ತು. ಗೊತ್ತಿರಬೇಕಾದವರು ಸ್ಟಿಯರಿಂಗ್ ಹಿಡಿಯುವವರು.

ಲಿವರ್‌ಮೋರಿನ ಬಾಡಿಗೆ ಅಂಗಡಿಯಲ್ಲಿ ಗಾಡಿ ತೆಗೆದುಕೊಳ್ಳುವಾಗ ಅಕ್ಕ ನಮ್ಮ ಹಿತ್ತಲಿನ ಏಳು ನಿಂಬೆಹಣ್ಣು ತಂದಿದ್ದಳು. ಆರು ಗಾಲಿಗೆ ಆರು. ಗಾಡಿ ಒಂದಡಿ ಮುಂದೆ ಹೋಗಿ ಹಣ್ಣುಗಳೆಲ್ಲ ಪಚಕ್ಕೆಂದವು. ಅಂಗಡಿಯವನು ಟೈರಿನ ಕೆಳಗಿನ ಒದ್ದೆ ನೋಡಿ ಏನೋ ಸೋರುತ್ತಿದೆ ಎಂದು ಮಂಡಿಯೂರಿ ಇಡೀ ಗಾಡಿಯ ತಳ ತಪಾಸಣೆ ಮಾಡಿದ. ನನ್ನ ಗಂಡ ನಿಂಬೆಹಣ್ಣಿನ ವಿಷಯವನ್ನು ಅವನಿಗೆ ವಿವರಿಸಲು ಹೋಗಿ ಅರ್ಧ ಗಂಟೆ ತಡಮಾಡಿದರು. ಉಳಿದ ಏಳನೆಯ ಹಣ್ಣನ್ನು ಅಕ್ಕ ಗಾಡಿಯೊಳಗಿನ ಪುಟ್ಟ ಟೇಬಲ್ಲಿನ ಮೇಲಿಟ್ಟಳು.

ಅದರ ಉಪಯೋಗ ಮೊದಲ ಸಂಜೆಯೇ ಗೊತ್ತಾಯಿತು. ಅಂದು ನಾವು ಸ್ಯಾಕ್ರಮೆಂಟೋ ಪಟ್ಟಣದ ಕೆಳಗಿನಿಂದ ಹೊರಟು ಹದಿನೈದು ಮೈಲಿ ತುಳಿದಿದ್ದೆವು. ಒಂದು ಪಕ್ಕಕ್ಕೆ ಅಗಲವಾದ ಹಸಿರು ನದಿ, ಇನ್ನೊಂದು ಪಕ್ಕಕ್ಕೆ ಏರಿಯ ಕೆಳಗೆ ತೋಟಗಳು. ನನ್ನ ಗಂಡ ಮೊದಲೇ ಕಾದಿರಿಸಿದ್ದ ನದಿ ದಂಡೆಯ, ಇಂಥ ಗಾಡಿಗಳು ತಂಗುವ ಆರ್‌ವಿ ಪಾರ್ಕಿನಲ್ಲಿ ಗಾಡಿ ನಿಂತಿತ್ತು. ಅಕ್ಕ ಒಳಗೆ ಹೋಗಿ ನಿಂಬೆಹಣ್ಣನ್ನು ಟೇಬಲ್ಲಿನ ನಡುವೆ ಇಟ್ಟಳು. ಅದು ನಿಧಾನವಾಗಿ ಉರುಳಿ ಸಿಂಕಿಗೆ ಬಿತ್ತು.

"ಇಲ್ಲಿ ಮಲ್ಕೊಂಡ್ರ ಎಲ್ಲಾರೂ ಒಂದ ಕಡೆ ಗುಡ್ಡಿ ಬೀಳ್ತೇವಿ," ಎಂದಳು.

"ಸ್ವಲ್ಪ ತಾನೇ ಅತ್ತಿಗೆ, ಅಡ್ಜಸ್ಟ್ ಮಾಡ್ಕೊಳ್ಳೋಣ," ಎಂದರು ನನ್ನ ಗಂಡ.

"ಸ್ವಲ್ಪ ಅನ್ನೂದು ಉತ್ತರ ಅಲ್ಲ."

ಅವರು ಗಾಲಿಯ ಕೆಳಗೆ ಹಳದಿ ಪ್ಲಾಸ್ಟಿಕ್ ಹಲಗೆ ಇಡುವುದು, ಗಾಡಿ ಏರಿಸುವುದು, ಅಕ್ಕ ಹಣ್ಣು ಇಡುವುದು, ಹಣ್ಣು ಉರುಳುವುದು. ಪಕ್ಕದ ಗಾಡಿಯ ವಯಸ್ಸಾದ ದಂಪತಿ ಕುರ್ಚಿ ತಿರುಗಿಸಿ ನಮ್ಮ ಕಡೆಗೇ ಹಾಕಿಕೊಂಡರು. ನಾಲ್ಕನೆಯ ಸಲಕ್ಕೆ ಹಣ್ಣು ಅಲ್ಲಾಡದೆ ಕೂತಿತು. ಅಕ್ಕ ಕಿಟಕಿಯಿಂದ ಎರಡೂ ಕೈ ಎತ್ತಿದಳು. ಪಕ್ಕದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ರಾತ್ರಿ ನಾನು ಬೇಕೆಂದೇ ಅಕ್ಕನ ಎದುರು ಕೂತು ಮಾವಿನ ಉಪ್ಪಿನಕಾಯಿ ನೆಕ್ಕಿದೆ. ಅವಳು ಸಪ್ಪನೆ ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿಕೊಂಡು ನನ್ನನ್ನು ನೋಡಿ ನಕ್ಕಳು. ಅವಳ ನಗು ಕಂಡು ನನ್ನ ಸಿಟ್ಟು ಇನ್ನಷ್ಟು ಹೆಚ್ಚಿತು.

ಎರಡನೆಯ ದಿನ ಗಾಳಿಯ ಪರಿಚಯವಾಯಿತು. ನದಿ ಕೊಲ್ಲಿಯ ಕಡೆಗೆ ಹೋಗುತ್ತದೆ, ಮಧ್ಯಾಹ್ನದ ಗಾಳಿ ಕೊಲ್ಲಿಯಿಂದ ನಮ್ಮ ಕಡೆಗೆ ಬರುತ್ತದೆ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾದ ಗಾಳಿ. ಬೆಳಗಿನ ಐದೂವರೆಗೆ ಹೊರಟು ಹನ್ನೊಂದಕ್ಕೆ ನಿಲ್ಲಿಸುವುದೆಂದು ಅಂದೇ ತೀರ್ಮಾನಿಸಿದೆವು. ನಿಂತಾಗ ನನ್ನ ಗಂಡನ ಫೋನು ಬಂತು.

"ಜಾಗ ಸಿಕ್ತು ಕಣೇ! ನದಿ ಪಕ್ಕದಲ್ಲೇ, ಮರದ ನೆರಳು. ಒಂದು ನರಪಿಳ್ಳೆ ಇಲ್ಲ."

"ಯಾಕಿಲ್ಲ ಅಂತ ಯೋಚ್ನೆ ಮಾಡಿದ್ರಾ?"

ಮಾಡಿರಲಿಲ್ಲ. ಮೀನು ಹಿಡಿಯುವವರಿಗಾಗಿ ಬಿಟ್ಟ ಪಾರ್ಕಿಂಗ್ ಜಾಗ ಅದು. ರಾತ್ರಿ ತಂಗುವಂತಿಲ್ಲ ಎಂಬ ಬೋರ್ಡಿನ ಮೇಲೆ ಕಾಡು ದ್ರಾಕ್ಷಿ ಬಳ್ಳಿ ಹಬ್ಬಿತ್ತು. ಹೊತ್ತು ಮುಳುಗುವ ಹೊತ್ತಿಗೆ ಸಮವಸ್ತ್ರದ ಹೆಂಗಸೊಬ್ಬಳು ಬಂದು ಬಳ್ಳಿಯನ್ನು ಮೆಲ್ಲಗೆ ಸರಿಸಿ ಬೋರ್ಡು ತೋರಿಸಿದಳು. ನನ್ನ ಗಂಡನ ಮುಖ ಹೋಂವರ್ಕ್ ತರದ ಹುಡುಗನ ಮುಖದಂತಾಯಿತು. ಅಕ್ಕ ಮಾತ್ರ ಅವಳಿಗೊಂದು ಬಿಸಿ ರೊಟ್ಟಿ ಕೊಟ್ಟಳು, ಶೇಂಗಾ ಚಟ್ನಿ ಹಾಕಿ. ಅವಳು ನಿಂತೇ ತಿಂದಳು, ಬೆರಳು ಒರೆಸಿಕೊಂಡಳು. ಇಲ್ಲಿಂದ ಎರಡು ತಿರುವು ಕೆಳಗೆ ದೋಣಿಕಟ್ಟೆಯಿದೆ, ಅದರ ಮಾಲೀಕನಿಗೆ ನಾನು ಕಳಿಸಿದೆ ಎಂದು ಹೇಳಿ ಎಂದಳು. ಆ ದೋಣಿಕಟ್ಟೆಯಲ್ಲಿ ನಿಂಬೆಹಣ್ಣು ಮೊದಲನೆಯ ಸಲಕ್ಕೇ ನಿಂತಿತು. "ನೋಡ್ದ್ಯಾ, ರೊಟ್ಟಿಯಿಂದ ಆಗದ್ದು ಯಾವುದೂ ಇಲ್ಲ," ಎಂದು ನನ್ನ ಗಂಡ ಅದನ್ನು ತಮ್ಮದೇ ಸಾಧನೆಯಂತೆ ಹೇಳಿಕೊಂಡು ಮಲಗಿದರು.

ಮೂರನೆಯ ದಿನ ನಾನು ಹೆದರಿದ್ದೇ ಆಯಿತು. ಹತ್ತು ಗಂಟೆಗೇ ಬಿಸಿಲು ಏರಿತ್ತು. ಮುಂದೆ ಹೋಗುತ್ತಿದ್ದ ಅಕ್ಕನ ಸೈಕಲ್ಲು ಓಲಾಡಿತು, ಅವಳು ಇಳಿದಳು, ಇಳಿದವಳು ಹಾಗೇ ಏರಿಯ ಹುಲ್ಲಿನ ಮೇಲೆ ಕೂತುಬಿಟ್ಟಳು. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿತ್ತು. ಅವಳು ಕೂಗಲಿಲ್ಲ, ಹುಲ್ಲನ್ನು ಹಿಡಿದುಕೊಂಡಿದ್ದಳು. ನಾನು ಕಾಲು ನೀವುತ್ತ ಬಾಯಿಗೆ ಬಂದದ್ದೆಲ್ಲ ಬೈದೆ. ಹಟಮಾರಿ ಎಂದೆ, ಮುದುಕಿ ಎಂದೆ. ನನ್ನ ಬ್ಯಾಗಿನಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರಿನ ಬಾಟಲಿಯಿತ್ತು. ಅದನ್ನು ಬಾಯಿಗೆ ಹಿಡಿದರೆ ಮುಖ ತಿರುಗಿಸಿದಳು. ನಿಜ ಹೇಳಬೇಕೆಂದರೆ ನನಗೆ ಅಳು ಬಂದಿತ್ತು, ಅದನ್ನು ಮುಚ್ಚಲು ಬೈಯುತ್ತಿದ್ದೆ.

"ಇನ್ನೊಮ್ಮೆ ಕಾಲು ಹಿಡೀತಂದ್ರ ಮುಗೀತು," ಎಂದೆ ಕೊನೆಗೆ. "ಸೀದಾ ಲಿವರ್‌ಮೋರ್ ಗುಡಿಗೆ ಹೋಗಿ ತಪ್ಪುಗಾಣಿಕಿ ಹಾಕಿ, ಈ ನೇಮ ಬಿಡಿಸ್ಕೊಂಡು ಬರೂದು. ಒಪ್ಪಿದ್ಯೋ ಇಲ್ಲೋ?"

ಅವಳು ಹಿಡಿದಿದ್ದ ಹುಲ್ಲು ಬಿಟ್ಟು ಕೈ ಝಾಡಿಸಿಕೊಂಡಳು. "ಒಪ್ಪಿದೆ," ಎಂದಳು.

ಗಂಡನಿಗೆ ಫೋನು ಮಾಡಿ, ಹತ್ತಿರದಲ್ಲೇ, ಈಗಲೇ ಒಂದು ಜಾಗ ಬೇಕು ಎಂದೆ. ಹತ್ತು ನಿಮಿಷದಲ್ಲಿ ಅವರು ಬಂದು ಕರೆದೊಯ್ದರು. ಏರಿಯ ಕೆಳಗೆ ಪೇರ್ ಹಣ್ಣಿನ ತೋಟ. ಅಂಚಿನಲ್ಲಿ ಏಳೆಂಟು ಮೋಟಾರ್‌ಹೋಮುಗಳು ಸಾಲಾಗಿ ನಿಂತಿದ್ದವು, ಮರದಿಂದ ಮರಕ್ಕೆ ಬಣ್ಣದ ಕಾಗದದ ತೋರಣ. ಮ್ಯಾಪಿನಲ್ಲಿ ಇಲ್ಲದ ಕ್ಯಾಂಪ್‌ಗ್ರೌಂಡು, ಎಂದು ನನ್ನ ಗಂಡ ಹಿಗ್ಗಿದರು. ಸಾಲಿನ ಕೊನೆಗೆ ಹೋಗುತ್ತಿದ್ದಂತೆ ಒಬ್ಬ ಓಡಿ ಬಂದು, ಇನ್ನೂ ಸ್ವಲ್ಪ ಹಿಂದೆ, ಹಾಂ, ಸಾಕು ಎಂದು ಕೈಯಾಡಿಸಿ ನಿಲ್ಲಿಸಿಕೊಟ್ಟ. ತಾನೇ ಕರೆಂಟಿನ ವೈರು ಎಳೆದು ಚುಚ್ಚಿದ. ಇನ್ನೊಬ್ಬರು ಕುರ್ಚಿ ತಂದು ಅಕ್ಕನನ್ನು ನೆರಳಿನಲ್ಲಿ ಕೂರಿಸಿದರು. "ಎಂಥಾ ಸರ್ವೀಸು ನೋಡು!" ಎಂದು ನನ್ನ ಗಂಡ ಚೆಕ್‌ಇನ್ ಮಾಡಲು ಆಫೀಸು ಹುಡುಕಿಕೊಂಡು ಹೋದರು. ಮರದ ಕೆಳಗಿನ ಟೇಬಲ್ಲಿನಲ್ಲಿ ಕೂತಿದ್ದ ಹೆಂಗಸು ಅವರ ಹೆಸರು ಕೇಳಿ, ಒಂದು ಚೀಟಿಯಲ್ಲಿ ಬರೆದು, ಅವರ ಅಂಗಿಯ ಮೇಲೆ ಅಂಟಿಸಿ, ಊಟದ ತಟ್ಟೆ ಕೈಗೆ ಕೊಟ್ಟಳಂತೆ. ಅವರು ತಟ್ಟೆ ಹಿಡಿದು ನಗುತ್ತ ಬಂದರು.

ಆಗ ನನ್ನ ಕಣ್ಣಿಗೆ ಎರಡು ಮರಗಳ ನಡುವೆ ಕಟ್ಟಿದ್ದ ಬ್ಯಾನರು ಬಿತ್ತು. ವಯಸ್ಸಾದ ಹೆಂಗಸಿನ ಫೋಟೋ, ಪಕ್ಕದಲ್ಲಿ ಎಂಬತ್ತು ಎಂಬ ದೊಡ್ಡ ಅಂಕಿ. ಅದು ಕ್ಯಾಂಪ್‌ಗ್ರೌಂಡ್ ಆಗಿರಲಿಲ್ಲ. ಒಬ್ಬ ಅಜ್ಜಿಯ ಹುಟ್ಟುಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬೀಗರು ತಂತಮ್ಮ ಗಾಡಿಗಳಲ್ಲಿ ಬಂದು ಸೇರಿದ ಮನೆಯ ತೋಟ. ನಮ್ಮ ಕಡೆಯ ಮದುವೆಗಳಲ್ಲಿ ಗುರುತಿಲ್ಲದವರು ಊಟಕ್ಕೆ ಕೂತರೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದುಕೊಳ್ಳುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದು. ಇಲ್ಲೂ ಅದೇ ಆಗಿತ್ತು: ಪ್ರತಿಯೊಬ್ಬರೂ ನಮ್ಮನ್ನು ಇನ್ನೊಬ್ಬರ ಬೀಗರೆಂದುಕೊಂಡಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ರೀ, ವೈರ್ ಕೀಳಿ, ಹೊರಡೋಣ," ಎಂದು ಗಂಡನ ತೋಳು ಹಿಡಿದೆಳೆದೆ.

ಅಷ್ಟರಲ್ಲಿ ಆ ಅಜ್ಜಿಯೇ ಹುಲ್ಲಿನ ಟೋಪಿ ಹಾಕಿಕೊಂಡು ಬಂದು, ನೀವು ನನ್ನ ಯಾವ ಮಗನ ಕಡೆಯವರು ಎಂದು ಪ್ರೀತಿಯಿಂದ ಕೇಳಿದರು. ನಾನು ತಡವರಿಸುತ್ತ ನಿಜ ಹೇಳಿದೆ. ಅವರು ಟೋಪಿ ತೆಗೆದು ಬಗ್ಗಿ ಬಗ್ಗಿ ನಕ್ಕರು. ಆಮೇಲೆ ಎಲ್ಲರಿಗೂ ಕೇಳುವಂತೆ, ಇವರು ನನ್ನ ಕಡೆಯವರು ಎಂದು ಸಾರಿದರು. ಅಕ್ಕನಿಗೆ ಸಂದರ್ಭ ಅರ್ಥವಾದದ್ದೇ ತಡ, ಕುಂಟುತ್ತ ಗಾಡಿಯೊಳಗೆ ಹೋದಳು. ಹಿರಿಯರನ್ನು ಬರಿಗೈಯಲ್ಲಿ ಕಾಣಬಾರದು. ಏಳನೆಯ ನಿಂಬೆಹಣ್ಣನ್ನು ತಂದು ಅಜ್ಜಿಯ ಕೈಯಲ್ಲಿಟ್ಟು ನಮಸ್ಕಾರ ಮಾಡಿದಳು. ಅಜ್ಜಿ ಅದನ್ನು ಮೂಸಿ ನೋಡಿ, ಟೋಪಿಯೊಳಗಿಟ್ಟುಕೊಂಡು ಇಡೀ ಮಧ್ಯಾಹ್ನ ಎಲ್ಲರಿಗೂ ತೋರಿಸುತ್ತ ಓಡಾಡಿದರು.

ಅಕ್ಕ ಏನೂ ತಿನ್ನದಿರುವುದನ್ನು ಮೊದಲು ಗಮನಿಸಿದವರೂ ಅವರೇ. ಉಪ್ಪಿನ ನೇಮದ ಕತೆಯನ್ನು ನಾನು ಸ್ವಲ್ಪ ನಾಚಿಕೆಯಿಂದಲೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಬುಟ್ಟಿಯಿಂದ ಮಾಗಿದ ಪೇರ್ ಹಣ್ಣು ತಂದು ತಾವೇ ಹೋಳು ಮಾಡಿ ಅಕ್ಕನ ಮುಂದಿಟ್ಟರು. ಇದರಲ್ಲಿ ಉಪ್ಪಿಲ್ಲ, ಬೇಕಾದಷ್ಟು ತಿನ್ನಿ ಎಂದರು. ಅಕ್ಕ ಆರು ಹಣ್ಣು ತಿಂದಳು. ಆಮೇಲೆ ಅಜ್ಜಿ ನಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಈ ನದಿ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ. ಉಬ್ಬರದ ಹೊತ್ತಿಗೆ ಕೊಲ್ಲಿ ತನ್ನ ನೀರನ್ನು ಮೇಲಕ್ಕೆ ನೂಕುತ್ತದೆ. ಬೇಸಿಗೆಯ ಕೊನೆಗೆ ನದಿ ಸೊರಗಿರುವಾಗ, ಮುಂದಿನ ದೊಡ್ಡ ಸೇತುವೆ ದಾಟಿದ ಮೇಲೆ ಸಿಗುವ ಊರಿನವರೆಗೂ ಉಪ್ಪು ಬರುತ್ತದೆ. ಅಡುಗೆಮನೆಯ ಗೋಡೆಯ ಮೇಲಿನ ಉಬ್ಬರದ ಪಟ್ಟಿ ನೋಡಿ ಬಂದು, ನಾಳೆ ಮಧ್ಯಾಹ್ನ ಎರಡರ ಸುಮಾರಿಗೆ ಅಲ್ಲಿರಿ ಎಂದರು. ನೀವು ಸಮುದ್ರದವರೆಗೆ ಹೋಗಬೇಕಾಗಿಲ್ಲ, ಅದೇ ಬರುತ್ತದೆ.

ಆ ರಾತ್ರಿ ಗಾಡಿ ಮಟ್ಟವಾಗಿದೆಯೇ ಎಂದು ನೋಡಲು ನಿಂಬೆಹಣ್ಣಿರಲಿಲ್ಲ. ನಾವು ಮೂವರೂ ಒಂದೇ ಕಡೆಗೆ ಉರುಳಿಕೊಂಡು ಚೆನ್ನಾಗಿ ನಿದ್ದೆ ಮಾಡಿದೆವು.

ಕೊನೆಯ ದಿನ ಗಾಳಿ ಏಳುವ ಮುಂಚೆ ದೊಡ್ಡ ಸೇತುವೆ ದಾಟಿದೆವು. ಏರನ್ನು ಅಕ್ಕ ಸೈಕಲ್ಲು ತಳ್ಳಿಕೊಂಡೇ ಹತ್ತಿದಳು, ಇಳಿಜಾರಿನಲ್ಲಿ ಎರಡೂ ಕಾಲು ಮುಂದಕ್ಕೆ ಚಾಚಿ ಹುಡುಗಿಯಂತೆ ಕೂಗುತ್ತ ಇಳಿದಳು. ಊರು ಇನ್ನೂ ಎರಡು ಮೈಲಿ ಇರುವಾಗ ತಟ್ಟನೆ ನಿಂತಳು. "ಬೆಳ್ಳಕ್ಕಿ ಎಷ್ಟ ಚಂದ ಕೂತಾವ ನೋಡು," ಎಂದಳು. ಅವಳ ಕೈ ಮೀನಖಂಡದ ಮೇಲಿತ್ತು, ಬೆರಳುಗಳು ಬೆಳ್ಳಗಾಗಿದ್ದವು. ಒಪ್ಪಂದದ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ನಾನೂ ಬೆಳ್ಳಕ್ಕಿಗಳನ್ನು ನೋಡಿದೆ. ಹತ್ತು ನಿಮಿಷ ಇಬ್ಬರೂ ನೋಡಿದೆವು. ಆಮೇಲೆ ಅವಳು ಹತ್ತಿದಳು, ನಾನೂ ಹತ್ತಿದೆ.

ಹನ್ನೊಂದೂವರೆಗೆ ಊರಿನ ದಂಡೆ ಸೇರಿದೆವು. ಅಕ್ಕ ಕಲ್ಲುಗಳ ಮೇಲಿಂದ ಇಳಿದು ಬೆರಳು ಅದ್ದಿ ನಾಲಿಗೆಗೆ ಹಚ್ಚಿದಳು. ಲ್ಯಾಬಿನವಳಾದ ನಾನು ಕಣ್ಣು ಮುಚ್ಚಿಕೊಂಡೆ.

"ಸಪ್ಪ," ಎಂದಳು.

ಗಾಡಿಯನ್ನು ಸಂಜೆ ಐದರೊಳಗೆ ಲಿವರ್‌ಮೋರಿಗೆ ಒಪ್ಪಿಸಬೇಕಿತ್ತು. ಮೂರಕ್ಕಾದರೂ ಹೊರಡಲೇಬೇಕು. ಒಂದು ಗಂಟೆಗೆ ಮತ್ತೆ ನೋಡಿದಳು, ಸಪ್ಪ. ಒಂದೂವರೆಗೂ ಸಪ್ಪ. ಎರಡಾಯಿತು. ಅವಳು ಮಡಚುವ ಕುರ್ಚಿಯಲ್ಲಿ ಕೂತು ನೀರನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಸಪ್ಪನೆ ಮೊಸರನ್ನದ ತಾಟು ಮುಚ್ಚಿಟ್ಟಿತ್ತು. ಅವಳ ಮುಖ ಸಣ್ಣದಾಗಿತ್ತು. ಅದನ್ನು ನನ್ನ ಕೈಲಿ ನೋಡಲಾಗಲಿಲ್ಲ. ಎರಡೂವರೆಗೆ ನಾನು ಗಾಡಿಯೊಳಗೆ ಹೋಗಿ ಉಪ್ಪಿನ ಡಬ್ಬಿ ತೆರೆದು ಒಂದು ಮುಷ್ಟಿ ಉಪ್ಪು ತೆಗೆದುಕೊಂಡೆ, ಇನ್ನೊಂದು ಕೈಯಲ್ಲಿ ಸ್ಟೀಲ್ ತಂಬಿಗೆ. ನೀರು ನಾನೇ ತರುತ್ತೇನೆ, ನೀನು ಇಳಿಯಬೇಡ ಎನ್ನುವುದು, ತರುವಾಗ ಕಲಸಿಬಿಡುವುದು. ದಿನವಿಡೀ ಸೋಡಿಯಂ ಅಳೆಯುವವಳು ಜೀವನದಲ್ಲಿ ಮೊದಲ ಬಾರಿಗೆ ಸ್ಯಾಂಪಲ್ ಕೆಡಿಸಲು ಹೊರಟಿದ್ದೆ, ಮನಸ್ಸಿಗೆ ಒಂದಿಷ್ಟೂ ಅಳುಕಿರಲಿಲ್ಲ.

ಹೊರಗೆ ಬಂದರೆ ಕುರ್ಚಿ ಖಾಲಿ. ಅಕ್ಕ ಕಲ್ಲಿನಿಂದ ಕಲ್ಲಿಗೆ ಕೂತುಕೊಂಡೇ ಜಾರುತ್ತ ನೀರಿನವರೆಗೆ ಇಳಿದಿದ್ದಳು. ನದಿಯಲ್ಲಿ ತೇಲುತ್ತಿದ್ದ ಕಡ್ಡಿ ಕಸವೆಲ್ಲ ನಾವು ಬಂದ ದಿಕ್ಕಿಗೇ, ಮೇಲಕ್ಕೆ ಹೋಗುತ್ತಿತ್ತು. ಅವಳು ಬೊಗಸೆಯಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಶಾಲೆಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಕೂಗಿದಳು:

"ಉಪ್ಪದ! ಉಪ್ಪದ ಲೇ!"

ನನ್ನ ಗಂಡ ಪ್ಯಾಂಟು ಒದ್ದೆಯಾಗುವುದನ್ನೂ ನೋಡದೆ ಇಳಿದು ತಾವೂ ಬೆರಳು ಅದ್ದಿದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೆ ಬೇಕಾದ ಚುರುಕು ಅವರಿಗಿಲ್ಲ. "ಹೌದು ಕಣೇ! ನಿಜವಾಗ್ಲೂ ಉಪ್ಪು!" ಎಂದರು.

ಇಬ್ಬರೂ ಸೇರಿ ಅಕ್ಕನನ್ನು ಮೇಲೆ ಹತ್ತಿಸಿದೆವು. ಅಂದರೆ ಅವರು ಹತ್ತಿಸಿದರು, ನಾನು ಮೊಣಕೈಯಿಂದ ನೂಕಿದೆ. ಕುರ್ಚಿಯಲ್ಲಿ ಕೂತ ಮೇಲೆ ಅವಳು ನನ್ನನ್ನು ದಿಟ್ಟಿಸಿದಳು.

"ಆ ಮುಷ್ಟಿ ಯಾಕ ಬಿಚ್ಚವಲ್ಲಿ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವಳು ನನ್ನ ಮಣಿಕಟ್ಟು ಹಿಡಿದು ಒಂದೊಂದೇ ಬೆರಳು ಬಿಡಿಸಿದಳು. ಉಪ್ಪು ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿಕೊಂಡಿತ್ತು. ಇನ್ನೊಂದು ಕೈಯಲ್ಲಿದ್ದ ಖಾಲಿ ತಂಬಿಗೆಯನ್ನೂ ನೋಡಿದಳು. ಎರಡನ್ನೂ ಕೂಡಿಸಲು ಅವಳಿಗೆ ಎಷ್ಟು ಹೊತ್ತು ಬೇಕು? ಬೈಗುಳಕ್ಕೆ ತಯಾರಾಗಿ ನಾನು ತಲೆ ತಗ್ಗಿಸಿದೆ.

ಅವಳು ತಾಟಿನ ಮುಚ್ಚಳ ತೆಗೆದು ಮೊಸರನ್ನವನ್ನು ನನ್ನ ಅಂಗೈಯ ಕೆಳಗೆ ಹಿಡಿದಳು.

"ಹಾಕು," ಎಂದಳು. "ಪೂರಾ ಝಾಡಿಸು. ನಾಕು ದಿನದ್ದು ಬಾಕಿ ಅದ."

ಝಾಡಿಸಿದೆ. ಅವಳು ಕಲಸಿದಳು, ಕಣ್ಣು ಮುಚ್ಚಿಕೊಂಡು ಮೊದಲ ತುತ್ತು ತಿಂದಳು. ಎರಡನೆಯ ತುತ್ತನ್ನು ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಉಂಡೆ ಕಟ್ಟಿ ನನ್ನ ಬಾಯಿಗಿಟ್ಟಳು. ಉಪ್ಪು ತೀರಾ ಹೆಚ್ಚಾಗಿತ್ತು. ನಾನು ಇನ್ನೊಂದು ತುತ್ತಿಗೆ ಬಾಯಿ ತೆರೆದೆ.